ಎಸ್‌ಎಸ್‌ಆರ್ ವಯರಿಂಗ್: ಲೋಡ್ ನೋಡಿ ಜೋಡಣೆ

ಹೀಟರ್ ಪ್ಯಾನೆಲ್‌ಗಳಿಗೆ ನಾನು ಈಗ ಹೆಚ್ಚಾಗಿ ಸಾಲಿಡ್ ಸ್ಟೇಟ್ ರಿಲೇನೇ (ಎಸ್‌ಎಸ್‌ಆರ್, ಅಂದರೆ ಚಲಿಸುವ ಕಾಂಟ್ಯಾಕ್ಟ್ ಇಲ್ಲದ ಎಲೆಕ್ಟ್ರಾನಿಕ್ ಸ್ವಿಚ್) ಹಾಕುವುದು. ಟಕ್ ಟಕ್ ಸದ್ದಿಲ್ಲ, ಕಾಂಟ್ಯಾಕ್ಟ್ ಸುಡುವ ತಾಪತ್ರಯ ಇಲ್ಲ. ಆದರೆ ಮಾಮೂಲಿ ರಿಲೇ ಅಂದುಕೊಂಡು ವಯರ್ ಎಳೆದರೆ ಕೆಲಸ ಕೆಡುತ್ತದೆ.

ಮೊದಲು ಕಂಟ್ರೋಲ್ ಕಡೆ, ಅಂದರೆ ಆನ್-ಆಫ್ ಸಂಕೇತ ಬರುವ ಕಡೆ. ನಾನು ಬಳಸುವ ಮಾದರಿಯಲ್ಲಿ 1, 2ನೇ ಟರ್ಮಿನಲ್ ಲೋಡಿಗೆ (ಹೀಟರ್, ಮೋಟರ್‌ನಂಥ ಓಡಿಸಬೇಕಾದ ಸಾಧನಕ್ಕೆ); 3, 4 ಕಂಟ್ರೋಲಿಗೆ, ಪ್ಲಸ್ 3ಕ್ಕೆ. ಪಿಎಲ್‌ಸಿ (ಯಂತ್ರ ನಡೆಸುವ ಪ್ರೋಗ್ರಾಮ್ ಮಾಡಬಹುದಾದ ಕಂಟ್ರೋಲರ್) ಔಟ್‌ಪುಟ್ ಪಿಎನ್‌ಪಿ, ಅಂದರೆ ಪ್ಲಸ್ ಕೊಡುವ ಬಗೆ ಆಗಿದ್ದರೆ ಅದರ ವಯರ್ 3ಕ್ಕೆ, 4ರಿಂದ 0 ವೋಲ್ಟ್‌ಗೆ. ಎನ್‌ಪಿಎನ್, ಅಂದರೆ 0 ವೋಲ್ಟ್‌ಗೆ ಎಳೆಯುವ ಬಗೆ ಆದರೆ ಉಲ್ಟಾ: 3ಕ್ಕೆ ನೇರ 24 ವೋಲ್ಟ್, ಔಟ್‌ಪುಟ್ 4ಕ್ಕೆ.

ಸಿಂಗಲ್ ಫೇಸ್ ಹೀಟರ್ ಸುಲಭ. ಫೇಸ್ ವಯರನ್ನು ಎಸ್‌ಎಸ್‌ಆರ್ ಮೂಲಕ ಕೊಡುತ್ತೇನೆ, ನ್ಯೂಟ್ರಲ್ ನೇರ. ಇಲ್ಲಿ ಒಂದು ತಮಾಷೆ ಇದೆ. ಲೋಡ್ ಬಿಚ್ಚಿ, ಎಸ್‌ಎಸ್‌ಆರ್ ಆಫ್ ಮಾಡಿ, ಔಟ್‌ಪುಟ್‌ಗೆ ಮೀಟರ್ ಹಿಡಿಯಿರಿ. ಹೆಚ್ಚುಕಮ್ಮಿ ಪೂರ್ತಿ ಲೈನ್ ವೋಲ್ಟೇಜ್ ತೋರಿಸುತ್ತದೆ! ರಿಲೇ ಕೆಟ್ಟಿಲ್ಲ. ಒಳಗಿನ ಸ್ನಬ್ಬರ್ (ವೋಲ್ಟೇಜ್ ಹೊಡೆತ ತಗ್ಗಿಸುವ ಭಾಗ) ಮೂಲಕ ಕೆಲವು ಮಿಲಿಆಂಪಿಯರ್ ಸೋರುತ್ತಿರುತ್ತದೆ ಅಷ್ಟೇ. ಲೋಡ್ ಹಾಕಿದರೆ ಆ ವೋಲ್ಟೇಜ್ ಕುಸಿಯುತ್ತದೆ. ಹಾಗಂತ ಎಸ್‌ಎಸ್‌ಆರ್ ಆಫ್ ಇದೆ ಅಂತ ಹೀಟರ್ ಟರ್ಮಿನಲ್ ಮುಟ್ಟುವ ಹಾಗಿಲ್ಲ. ಐಸೊಲೇಟರ್ (ಮೇನ್ ಸ್ವಿಚ್) ಆಫ್ ಮಾಡಿಯೇ ಕೈ ಹಾಕಬೇಕು.

ಥ್ರೀ ಫೇಸ್ ಹೀಟರ್ ಡೆಲ್ಟಾದಲ್ಲಿದ್ದರೆ, ಅಥವಾ ನ್ಯೂಟ್ರಲ್ ಇಲ್ಲದ ಸ್ಟಾರ್ ಆಗಿದ್ದರೆ, ಎರಡು ಎಸ್‌ಎಸ್‌ಆರ್ ಸಾಕು. ಎರಡು ಫೇಸ್‌ಗಳನ್ನು ಎಸ್‌ಎಸ್‌ಆರ್ ಮೂಲಕ ಕೊಟ್ಟು ಮೂರನೆಯದನ್ನು ನೇರ ಬಿಡುತ್ತೇನೆ. ಒಂದು ರಿಲೇ ಉಳಿಯಿತು, ಅದರ ಬಿಸಿಯೂ ಉಳಿಯಿತು. ನ್ಯೂಟ್ರಲ್ ಕೊಟ್ಟಿದ್ದರೆ ಮಾತ್ರ ಮೂರೂ ಬೇಕು. ಕಂಟ್ರೋಲ್ ಕಡೆಯನ್ನು ಪ್ಯಾರಲಲ್ ಮಾಡುತ್ತೇನೆ. ಕಂಟ್ರೋಲರ್ ಅಷ್ಟು ಕರೆಂಟ್ ಕೊಡುತ್ತದಾ ಅಂತ ಮೊದಲು ನೋಡಿಕೊಳ್ಳುತ್ತೇನೆ.

ಬಿಸಿ ವಿಷಯದಲ್ಲಿ ನಾನು ಜಿಪುಣತನ ಮಾಡುವುದಿಲ್ಲ. ಆಂಪಿಯರಿಗೆ ಸುಮಾರು ಒಂದೂಕಾಲು ವ್ಯಾಟ್ ಲೆಕ್ಕ ಹಿಡಿದರೂ 25 ಆಂಪಿಯರಿಗೆ 30 ವ್ಯಾಟ್ ದಾಟುತ್ತದೆ. ಅದಕ್ಕೇ 40 ಆಂಪಿಯರ್ ಅಂತ ಬರೆದಿರುವುದನ್ನು ಸುಮ್ನೆ ನಂಬಬಾರದು, ಅದು ಸರಿಯಾದ ಹೀಟ್ ಸಿಂಕ್ ಇದ್ದಾಗಿನ ಮಾತು. ತೆಳ್ಳಗೆ ಥರ್ಮಲ್ ಪೇಸ್ಟ್ ಸವರಿ, ಗಾಳಿ ಮೇಲಕ್ಕೆ ಹೋಗುವಂತೆ ಫಿನ್‌ಗಳನ್ನು ನೆಟ್ಟಗೆ ನಿಲ್ಲಿಸುತ್ತೇನೆ. ಕರೆಂಟ್ ಸಾಲದಿದ್ದರೆ ಎರಡು ಎಸ್‌ಎಸ್‌ಆರ್‌ಗಳ ಔಟ್‌ಪುಟ್ ಪ್ಯಾರಲಲ್ ಮಾಡೋಣ ಅನ್ನಿಸಬಹುದು. ಬೇಡ. ಯಾವುದು ಮೊದಲು ಆನ್ ಆಗುತ್ತದೋ ಅದರ ತಲೆಯ ಮೇಲೇ ಪೂರ್ತಿ ಲೋಡ್ ಬೀಳುತ್ತದೆ.

ಡಿಸಿ ಲೋಡಿಗೆ ಡಿಸಿ ಮಾದರಿಯೇ ಬೇಕು. ಎಸಿ ಮಾದರಿ ಆಫ್ ಆಗಲು ಕರೆಂಟ್ ಸೊನ್ನೆಗೆ ಬರಬೇಕು, ಡಿಸಿಯಲ್ಲಿ ಅದು ಬರುವುದೇ ಇಲ್ಲ ಅಲ್ವಾ? ಸೊಲೆನಾಯ್ಡ್ ಆದರೆ ಕಾಯಿಲ್ ಮೇಲೆ ಒಂದು ಡಯೋಡ್ ಕೂಡ, ಗೆರೆ ಇರುವ ತುದಿ ಪ್ಲಸ್ ಕಡೆಗೆ.

ಥ್ರೀ ಫೇಸ್ ಮೋಟರ್ ದಿಕ್ಕು ಬದಲಿಸಲು ನಾಲ್ಕು ಎಸ್‌ಎಸ್‌ಆರ್ ಬೇಕು, ಎರಡು ಮುಂದಕ್ಕೆ, ಎರಡು ಹಿಂದಕ್ಕೆ. ಎರಡೂ ಜೋಡಿ ಒಟ್ಟಿಗೆ ಆನ್ ಆದರೆ ಫೇಸಿಗೆ ಫೇಸ್ ಶಾರ್ಟ್. 50 ಹರ್ಟ್ಸ್‌ನಲ್ಲಿ ಎಸ್‌ಎಸ್‌ಆರ್ ಆಫ್ ಆಗಲು 10 ಮಿಲಿಸೆಕೆಂಡ್ ಹಿಡಿಯಬಹುದು. ಪ್ರೋಗ್ರಾಮಿನಲ್ಲಿ ಅದಕ್ಕಿಂತ ಧಾರಾಳವಾಗಿ ಬಿಡುವು ಕೊಡುತ್ತೇನೆ.

ಎಸ್‌ಎಸ್‌ಆರ್ ಕೆಟ್ಟರೆ ಸಾಮಾನ್ಯವಾಗಿ ಶಾರ್ಟ್ ಆಗಿ ಆನ್ ಆಗಿಯೇ ಉಳಿಯುತ್ತದೆ. ಆದ್ದರಿಂದ ಪ್ರತಿ ಹೀಟರ್ ಲೈನಿಗೂ ಮುಂದೆ ಒಂದು ಕಾಂಟ್ಯಾಕ್ಟರ್ (ದೊಡ್ಡ ಮಾಮೂಲಿ ರಿಲೇ) ಹಾಕಿ, ಅದರ ಕಾಯಿಲನ್ನು ಬೇರೆಯೇ ಒಂದು ಓವರ್ ಟೆಂಪರೇಚರ್ ಥರ್ಮೋಸ್ಟಾಟ್ (ಬಿಸಿ ಮಿತಿ ಮೀರಿದರೆ ಕಡಿತ ಮಾಡುವ ಸ್ವಿಚ್) ಮೂಲಕ ಓಡಿಸುತ್ತೇನೆ.