ವಿಮಾನ ಎಷ್ಟು ತಾಸು ಹಾರುತ್ತದೆ? ಲೆಕ್ಕ ಹೀಗೆ ಹಾಕಿ

ಉಮ್ರಾಗೆ, ಅಂದರೆ ಮೆಕ್ಕಾ ಯಾತ್ರೆಗೆ, ಹೊರಟಿದ್ದ ನಮ್ಮ ಓಣಿಯ ಹಿರಿಯರೊಬ್ಬರು ಟಿಕೆಟ್ ನೋಡಿ, "ಹೈದರಾಬಾದಿನಿಂದ ಜೆಡ್ಡಾಕ್ಕೆ ಬರೀ ಮೂರೂವರೆ ತಾಸು" ಅಂದರು. ರಾತ್ರಿ 9ಕ್ಕೆ ಹೊರಟು 12.30ಕ್ಕೆ ಇಳಿಯುವುದು ಅಂತ ಅದರಲ್ಲಿತ್ತು. ಅಷ್ಟೇ ಹೊತ್ತಲ್ವಾ ಅಂತ ಮಾತ್ರೆಗಳನ್ನೆಲ್ಲ ಲಗೇಜಿಗೆ ಹಾಕಿಬಿಟ್ಟರು. ಕೂತದ್ದು ಆರು ತಾಸು. ಸಕ್ಕರೆ ಕಾಯಿಲೆ ಇರುವವರಿಗೆ ಇದು ಸಣ್ಣ ವ್ಯತ್ಯಾಸವಲ್ಲ.

ಮೊದಲು ದೂರ. ಎರಡೂ ನಿಲ್ದಾಣಗಳ ಮೂರಕ್ಷರದ ಕೋಡ್ ಹಾಕಿ ಫೋನಿನಲ್ಲಿ ಹುಡುಕಿ: ಎಚ್‌ವೈಡಿ, ಜೆಇಡಿ. ಸುಮಾರು 4,130 ಕಿ.ಮೀ. ಉತ್ತರ ಮೈಲಿಯಲ್ಲಿ ಬಂದರೆ ಯಾವ ಮೈಲಿ ಅಂತ ನೋಡಿ. ನಾಟಿಕಲ್ ಮೈಲಿ 1.852 ಕಿ.ಮೀ., ಸಾಮಾನ್ಯ ಮೈಲಿ 1.609. ಗೋಡೆಯ ನಕ್ಷೆ ಮೇಲೆ ಸ್ಕೇಲ್ ಇಟ್ಟು ಅಳೆಯಬೇಡಿ. ಮಕ್ಕಳ ಗ್ಲೋಬ್ ಇದ್ದರೆ ದಾರ ಬಿಗಿಯಾಗಿ ಎಳೆದು ನೋಡಿ, ಅದೇ ಹತ್ತಿರದ ದಾರಿ.

ಆಮೇಲೆ ಕಿಲೋಮೀಟರನ್ನು 850ರಿಂದ ಭಾಗಿಸಿ, ಏರಲು ಇಳಿಯಲು ಅರ್ಧ ತಾಸು ಸೇರಿಸಿ. ಐದೂವರೆ ತಾಸಿನ ಹತ್ತಿರ ಬರುತ್ತದೆ. ಪಶ್ಚಿಮಕ್ಕೆ ಹೋಗುವಾಗ ಸಾಮಾನ್ಯವಾಗಿ ಎದುರುಗಾಳಿ, ಚಳಿಗಾಲದಲ್ಲಿ ಇನ್ನೂ ಜಾಸ್ತಿ. ಅದಕ್ಕೆ ಮತ್ತರ್ಧ ತಾಸು ಹಿಡಿಯಿರಿ. ಬರುವಾಗ ಅದೇ ಗಾಳಿ ಹಿಂದಿನಿಂದ ತಳ್ಳುತ್ತದೆ. ಹೋಗಲಿಕ್ಕೂ ಬರಲಿಕ್ಕೂ ಒಂದೇ ಸಮಯ ತೋರಿಸುವ ಆ್ಯಪ್‌ಗಳನ್ನು ನಾನು ನಂಬುವುದಿಲ್ಲ. ನೀವೂ ನಂಬಬೇಡಿ.

ಎಲ್ಲರೂ ಎಡವುವುದು ಗಡಿಯಾರದಲ್ಲಿ. ಟಿಕೆಟ್ ಮೇಲೆ ಹೊರಡುವ ಸಮಯ ಹೊರಡುವ ಊರಿನದು, ಇಳಿಯುವ ಸಮಯ ಇಳಿಯುವ ಊರಿನದು. ಅವೆರಡನ್ನೂ ಸುಮ್ನೆ ಕಳೆಯಬಾರದು. ಮೊದಲು ಎರಡನ್ನೂ ಭಾರತದ ಸಮಯಕ್ಕೆ ತನ್ನಿ. ಜೆಡ್ಡಾ ಇರುವ ಸೌದಿ ನಮಗಿಂತ ಎರಡೂವರೆ ತಾಸು ಹಿಂದೆ, ದುಬೈ ಒಂದೂವರೆ. ಜೆಡ್ಡಾದ 12.30ಕ್ಕೆ ಎರಡೂವರೆ ಕೂಡಿಸಿ: ನಮ್ಮಲ್ಲಿ ಬೆಳಗಿನ ಜಾವ 3. ರಾತ್ರಿ 9ರಿಂದ 3ರವರೆಗೆ ಎಣಿಸಿ, ಆರು ತಾಸು. ಬರುವಾಗಲೂ ಜೆಡ್ಡಾದ ಸಮಯಕ್ಕೇ ಕೂಡಿಸುವುದು. ಅಲ್ಲಿ ರಾತ್ರಿ 2ಕ್ಕೆ ಹೊರಟರೆ ಇಲ್ಲಿ 4.30. ಹೈದರಾಬಾದಿನಲ್ಲಿ 9.30ಕ್ಕೆ ಇಳಿದರೆ ಪ್ರಯಾಣ ಐದು ತಾಸು. ಬಾಯಿಲೆಕ್ಕ ಬೇಡ, ಕಾಗದದ ಮೇಲೆ ಬರೆಯಿರಿ. ಮಗ ಲಂಡನ್ನಿನಲ್ಲಿದ್ದರೆ ಇನ್ನೊಂದು ತೊಡಕು. ಅಲ್ಲಿ ಚಳಿಗಾಲದಲ್ಲಿ ಐದೂವರೆ ತಾಸು ವ್ಯತ್ಯಾಸ, ಬೇಸಿಗೆಯಲ್ಲಿ ನಾಲ್ಕೂವರೆ. ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರ ಅವರು ಗಡಿಯಾರ ತಿರುಗಿಸುತ್ತಾರೆ. ಹೋದ ಸಲದ ಲೆಕ್ಕವನ್ನೇ ಈ ಸಲಕ್ಕೂ ಹಿಡಿಯಬೇಡಿ.

ತಾರೀಖಿನ ವಿಷಯದಲ್ಲಂತೂ ಪೂರ್ತಿ ವಿಮಾನವೇ ತಪ್ಪಿಸಿಕೊಂಡವರನ್ನು ಕಂಡಿದ್ದೇನೆ. ಟಿಕೆಟ್‌ನಲ್ಲಿ 15ನೇ ತಾರೀಖು 00.40 ಅಂತಿದ್ದರೆ ಅದು 14ರ ರಾತ್ರಿ 12 ದಾಟಿ 40 ನಿಮಿಷಕ್ಕೆ. 15ರ ರಾತ್ರಿ ಹೋದರೆ ವಿಮಾನ ಹೋಗಿ ಒಂದು ದಿನ ಆಗಿರುತ್ತದೆ. ಮೂರು ತಾಸು ಮೊದಲು ನಿಲ್ದಾಣದಲ್ಲಿರಬೇಕು, ಅಂದರೆ 14ರ ರಾತ್ರಿ 9.40. ಕಲಬುರಗಿಯಿಂದ ಹುಮನಾಬಾದ್, ಜಹೀರಾಬಾದ್ ದಾಟಿ ಹೈದರಾಬಾದಿನ ವಿಮಾನ ನಿಲ್ದಾಣವಿರುವ ಶಂಶಾಬಾದ್ ಮುಟ್ಟಲು ಐದು ತಾಸು ಇಟ್ಟುಕೊಳ್ಳಿ. ಮನೆ ಬಿಡಬೇಕಾದ್ದು ಸಂಜೆ 4.40ಕ್ಕೆ. ನಾನಂತೂ ನಮ್ಮವರನ್ನು 3ಕ್ಕೇ ಹೊರಡಿಸುತ್ತೇನೆ, ಹೈದರಾಬಾದಿನ ಸಂಜೆಯ ಟ್ರಾಫಿಕ್ ನಂಬುವಂಥದ್ದಲ್ಲ. ಗಾಡಿಯವರಿಗೆ "15ರ ವಿಮಾನ" ಅಂತ ಹೇಳಲೇಬೇಡಿ. "14ನೇ ತಾರೀಖು ಮಧ್ಯಾಹ್ನ 3ಕ್ಕೆ ಮನೆ ಮುಂದೆ ಬನ್ನಿ" ಅನ್ನಿ.