ಗಲ್ಲಾ ಸರಿ ಇದೆ, ಹಿಟ್ಟು ಮಾತ್ರ ಖಾಲಿ

ನನ್ನದು ಚಿಕ್ಕ ದರ್ಶಿನಿ. ಖರ್ಚಾದ ಹಿಟ್ಟಿಗೆ ತಕ್ಕ ದುಡ್ಡು ಬರುತ್ತಿಲ್ಲ ಅನ್ನಿಸಿದರೆ ಮೊದಲು ಹುಡುಗರ ಮುಖ ನೋಡಬೇಡಿ, ಟೋಕನ್ ನೋಡಿ. ಇಡ್ಲಿ ಕೊಡುವವನು ಅದನ್ನು ಹರಿಯುತ್ತಾನಾ, ಇಲ್ಲ ಹಾಗೇ ಕ್ಯಾಷಿಯರ್ ಕೈಗೆ ವಾಪಸ್ ಹೋಗುತ್ತಾ? ಒಂದೇ ಟೋಕನ್ ಎರಡು ಸಲ ಮಾರಿದರೆ ಲೆಕ್ಕದಲ್ಲಿ ಗೊತ್ತೇ ಆಗುವುದಿಲ್ಲ. ಗೋಡೆಯ ಕ್ಯೂಆರ್ ಸ್ಟಿಕ್ಕರನ್ನೂ ಸ್ಕ್ಯಾನ್ ಮಾಡಿ, ಯಾರ ಹೆಸರು ಬರುತ್ತೆ ನೋಡಿ.

ಒಂದು ವಾರ ಕಂಡದ್ದನ್ನು ಸುಮ್ನೆ ಬರೆದಿಡಿ. ಆಮೇಲೆ ಅನುಮಾನ ಇರುವವನನ್ನು ಒಬ್ಬನನ್ನೇ ಕರೆದು ಕೇಳಿ. ನಾನು ಒಮ್ಮೆ ಎಲ್ಲರೆದುರು ತಪ್ಪು ಹುಡುಗನ ಮೇಲೆ ಕೂಗಾಡಿದೆ. ಅವನು ಬಾಕಿ ಸಂಬಳವನ್ನೂ ಕೇಳದೆ ಹೋದ. ನಿಜವಾಗಿ ತೆಗೆದವನು ಕ್ಯಾಷಿಯರ್. ಹೆಂಡತಿಯ ಹೆರಿಗೆಗೆ ಅಡ್ವಾನ್ಸ್ ಕೇಳಿದ್ದ, ನಾನೇ ಇಲ್ಲ ಅಂದಿದ್ದೆ.

ಮನಸ್ಸಿಗೆ ಬಂದಷ್ಟು ದಂಡ ಹಿಡಿಯುವಂತಿಲ್ಲ. ವೇತನ ಕಾನೂನಿನಲ್ಲಿ ದಂಡ ಸಂಬಳದ ಶೇ. 3 ದಾಟಬಾರದು, ಅದೂ ಅವನ ಮಾತು ಕೇಳಿದ ಮೇಲೆ. ಪೊಲೀಸರಿಗೆ ಕೊಟ್ಟರೆ ಭಾರತೀಯ ನ್ಯಾಯ ಸಂಹಿತೆಯ 306ನೇ ಕಲಂ, ಅಂದರೆ ಕೆಲಸದವನೇ ಮಾಲೀಕನದ್ದು ಕದ್ದರೆ ಹಾಕುವ ಕಲಂ, 7 ವರ್ಷದವರೆಗೆ ಜೈಲು. ನಾನು ಕೊಡಲಿಲ್ಲ. ಕೆಲಸದಿಂದ ಮಾತ್ರ ಬಿಡಿಸಿದೆ. ಸರಿಯೋ ತಪ್ಪೋ, ಇವತ್ತಿಗೂ ಗೊತ್ತಿಲ್ಲ.

ರಾತ್ರಿ ಉಳಿದ ಇಡ್ಲಿ ಕಟ್ಟಿಕೊಂಡು ಹೋಗುವವರನ್ನು ಈ ಲೆಕ್ಕಕ್ಕೆ ಸೇರಿಸಬೇಡಿ ಮಾರಾಯ್ರೆ. ಚಟ್ನಿಯನ್ನೂ ಕೊಟ್ಟು ಕಳಿಸಿ.