ಗುರುತ್ವ ಅಂದರೆ ಕ್ಷೇತ್ರವಾ, ಜ್ಯಾಮಿತಿಯಾ? ಫೋನ್ ಬೀಳಿಸಿ ನೋಡುವ ವಿಧಾನ

ಗುರುತ್ವ ಅಂದರೆ ಭೂಮಿಯಂಥ ರಾಶಿಯ ಸುತ್ತ ಹರಡಿಕೊಂಡು ವಸ್ತುಗಳನ್ನು ಎಳೆಯುವ ಕ್ಷೇತ್ರ ಅನ್ನುವವರು ಒಂದು ಕಡೆ. ಎಳೆತವೇ ಇಲ್ಲ, ದೇಶಕಾಲ (ಜಾಗ ಮತ್ತು ಕಾಲ ಸೇರಿದ ಹಂದರ) ಬಾಗಿರುವುದೇ ಗುರುತ್ವ, ಅಂದರೆ ಜ್ಯಾಮಿತಿ ಅನ್ನುವವರು ಇನ್ನೊಂದು ಕಡೆ. ಈ ವಾದಕ್ಕೆ ಕೂರುವ ಮೊದಲು ಫೋನಿಗೆ ಫೈಫಾಕ್ಸ್ ಆ್ಯಪ್ ಹಾಕಿಕೊಳ್ಳಿ. ಜರ್ಮನಿಯ ಆಕೆನ್‌ನ ವಿಶ್ವವಿದ್ಯಾಲಯದವರು ಮಾಡಿದ್ದು, ಪುಕ್ಕಟೆ ಸಿಗುತ್ತದೆ. ಅದರಲ್ಲಿ ಆಕ್ಸಿಲರೋಮೀಟರ್ (ವೇಗ ಬದಲಾಗುವುದನ್ನು ಅಳೆಯುವ ಸಾಧನ) ಎರಡು ಥರ ಇದೆ, ಗುರುತ್ವ ಸೇರಿಸಿ ತೋರಿಸುವುದನ್ನೇ ಆರಿಸಿ. ಫೋನ್ ಮೇಜಿನ ಮೇಲೆ ಸುಮ್ನೆ ಬಿದ್ದಿದ್ದರೆ 9.8ರ (ಮೀಟರ್ ಪ್ರತಿ ಸೆಕೆಂಡ್ ವರ್ಗ) ಆಸುಪಾಸು ಬರುತ್ತದೆ. ಈಗ ಅಡಿಕೆ ಸಿಪ್ಪೆ ತುಂಬಿದ ಗೋಣಿಚೀಲದ ಮೇಲೆ, ಒಂದು ಮೀಟರ್ ಎತ್ತರದಿಂದ, ಪಲ್ಟಿ ಹೊಡೆಯದ ಹಾಗೆ ಬಿಡಿ. ಚೀಲ ಇಲ್ಲದವರಿಗೆ ಹಾಸಿಗೆ ಸಾಕು, ಗಾಜು ಒಡೆದರೆ ನನ್ನನ್ನು ಕೇಳಬೇಡಿ. ಬೀಳುವ ಅರ್ಧ ಸೆಕೆಂಡಿಗೂ ಕಡಿಮೆ ಹೊತ್ತು ಗೆರೆ ಸೊನ್ನೆಯ ಹತ್ತಿರ ಇರುತ್ತದೆ.

ಭೂಮಿ ಎಳೆಯುವುದು ಬೀಳುವಾಗಲೇ ಅಲ್ವಾ? ಆದರೂ ಸೊನ್ನೆ. ಬೀಳುವವನಿಗೆ ತನ್ನ ತೂಕವೇ ಗೊತ್ತಾಗುವುದಿಲ್ಲ ಅಂತ 1907ರಲ್ಲಿ ಐನ್‌ಸ್ಟೈನ್‌ಗೆ ಹೊಳೆದದ್ದು ಇದೇ. ಮೊದಲು ಕಂಡ 9.8, ಮೇಜು ಫೋನನ್ನು ಮೇಲಕ್ಕೆ ಒತ್ತಿದ್ದರ ಅಳತೆ.

ಇಷ್ಟಕ್ಕೇ 'ಬಲವೇ ಇಲ್ಲ, ಎಲ್ಲ ಜ್ಯಾಮಿತಿ' ಅಂತ ಹಾರಬೇಡಿ. ಜಾಸ್ತಿ ಜನ ಎಡವುವುದು ಇಲ್ಲೇ. ಬಿದ್ದರೂ ಅಳಿಯದೆ ಉಳಿಯುವುದೇನು ಅಂತ ಹುಡುಕಬೇಕು. ಜೋಗದ ರಾಜಾ ಕವಲಿನ ಎತ್ತರ 253 ಮೀಟರ್. ಅದರ ತಲೆಯಿಂದ ಎರಡು ಕಲ್ಲನ್ನು ಒಂದು ಮೀಟರ್ ಅಂತರದಲ್ಲಿ ಬಿಟ್ಟಿರಿ ಅನ್ನಿ (ಮನಸ್ಸಿನಲ್ಲೇ, ಕೆಳಗೆ ಜನ ಇರುತ್ತಾರೆ), ಗಾಳಿಯನ್ನೂ ಭೂಮಿ ತಿರುಗುವುದನ್ನೂ ಲೆಕ್ಕಕ್ಕೆ ಹಿಡಿಯಬೇಡಿ. ಸುಮಾರು 7.2 ಸೆಕೆಂಡಿಗೆ ತಳ ಮುಟ್ಟುತ್ತವೆ. ಎರಡೂ ಭೂಮಿಯ ನಡುವಿಗೇ ಗುರಿಯಿಟ್ಟು ಬೀಳುವುದರಿಂದ ಅಷ್ಟರಲ್ಲಿ 0.04 ಮಿಲಿಮೀಟರ್ ಹತ್ತಿರ ಬಂದಿರುತ್ತವೆ. ನೀವೂ ಜೊತೆಗೇ ಬಿದ್ದರೂ ಇದು ಮಾಯವಾಗುವುದಿಲ್ಲ. ಐನ್‌ಸ್ಟೈನ್‌ನ 1915ರ ಗುರುತ್ವ ಸಮೀಕರಣಗಳಲ್ಲಿ ದೇಶಕಾಲದ ಬಾಗು ಅನ್ನುವುದು ಇದಕ್ಕೇ. ಕ್ಷೇತ್ರದ ಕಡೆಯವರು ಇದನ್ನೇ, ಕ್ಷೇತ್ರ ಜಾಗದಿಂದ ಜಾಗಕ್ಕೆ ಬದಲಾಗುತ್ತದೆ ಅನ್ನುತ್ತಾರೆ.

ಇನ್ನು ಗಡಿಯಾರ. ಜೋಗದ ತಲೆಯಲ್ಲಿಟ್ಟ ಗಡಿಯಾರ ತಳದ್ದಕ್ಕಿಂತ ದಿನಕ್ಕೆ 2.4 ನ್ಯಾನೋಸೆಕೆಂಡ್ ಮುಂದೆ ಓಡುತ್ತದೆ. ಇದು ಬರೀ ಕಾಗದದ ಲೆಕ್ಕ ಅನ್ನಬೇಡಿ, ಹಾರ್ವರ್ಡ್‌ನಲ್ಲಿ ಪೌಂಡ್ ಮತ್ತು ರೆಬ್ಕಾ ಅನ್ನುವ ವಿಜ್ಞಾನಿಗಳು 1960ರ ಹೊತ್ತಿಗೇ ಬರೀ 22.5 ಮೀಟರ್ ಎತ್ತರದಲ್ಲಿ ಈ ಪರಿಣಾಮವನ್ನು ಅಳೆದಿದ್ದರು. ಕಾಲವೇ ಹಾಗಿದೆ ಅನ್ನುತ್ತದೆ ಜ್ಯಾಮಿತಿ. ಕ್ಷೇತ್ರದ ಉತ್ತರ ಬೇರೆ: ದೇಶಕಾಲ ಚಪ್ಪಟೆಯೇ, ಆದರೆ ಕ್ಷೇತ್ರ ಎಲ್ಲ ಗಡಿಯಾರವನ್ನೂ ಎಲ್ಲ ಅಳತೆಕೋಲನ್ನೂ ಒಂದೇ ಥರ ಬದಲಿಸುತ್ತದೆ. ಇದು ಹಾರಿಕೆ ಮಾತಲ್ಲ. ಭೌತವಿಜ್ಞಾನಿ ಫೈನ್‌ಮನ್ ಇದೇ ದಾರಿಯಲ್ಲಿ ಚಪ್ಪಟೆ ದೇಶಕಾಲದಲ್ಲಿ ಒಂದು ಕ್ಷೇತ್ರ ಇಟ್ಟುಕೊಂಡು ಹೊರಟು, ಬಂದು ತಲುಪಿದ್ದು ಐನ್‌ಸ್ಟೈನ್ ಸಮೀಕರಣಗಳಿಗೇ.

ಹಾಗಾಗಿ 'ಕ್ಷೇತ್ರ ಮಾತ್ರ' ಅನ್ನುವವರನ್ನು, ಹಿಂದಿರುವ ಆ ಚಪ್ಪಟೆ ದೇಶಕಾಲವನ್ನು ಯಾವ ಕೋಲಿನಿಂದ ಅಳೆಯುತ್ತೀರಿ ಅಂತ ಕೇಳಿ. 'ಜ್ಯಾಮಿತಿ ಮಾತ್ರ' ಅನ್ನುವವರನ್ನು, 2015ರಲ್ಲಿ ಅಮೆರಿಕದ ಲೈಗೊ ವೀಕ್ಷಣಾಲಯ ಹಿಡಿದ ಗುರುತ್ವದ ಅಲೆ ಅಷ್ಟು ದೂರದಿಂದ ಶಕ್ತಿ ಹೊತ್ತು ತಂದದ್ದು ಹೇಗೆ ಅಂತ ಕೇಳಿ. ಅಳೆಯಲಾಗದ್ದನ್ನು ಇಟ್ಟುಕೊಂಡು ಏನು ಮಾಡುವುದು ಅಂತ ನನ್ನ ಒಲವು ಜ್ಯಾಮಿತಿಯ ಕಡೆಗೆ. ಆದರೆ ಅಲೆಗಳ ಲೆಕ್ಕ ಹಾಕಲು ಕೂತರೆ ಕ್ಷೇತ್ರದ ಭಾಷೆಯೇ ಸಲೀಸು.